ಲೇಸರ್ ಟ್ಯೂಬಿನ ಆಯಸ್ಸು ಮತ್ತು ಒಂದು ಬಕೆಟ್ ನೀರು

ನಮ್ಮ ವರ್ಕ್‌ಶಾಪಿನ ಲೇಸರ್ ಕಟಿಂಗ್ ಮಷೀನ್ ಎಲ್ಲರಿಗೂ ಗೊತ್ತು. ಫೆಸ್ಟ್ ಬಂತು ಅಂದ್ರೆ ಕೀಚೈನ್, ನೇಮ್ ಪ್ಲೇಟ್, ರೋಬೋ ಚಾಸಿ ಎಲ್ಲದಕ್ಕೂ ಅದರ ಮುಂದೆ ಕ್ಯೂ. ಆದರೆ ಹಿಂದಿನ ಮುಚ್ಚಳದೊಳಗೆ ಮಲಗಿರೋ ಗಾಜಿನ ಟ್ಯೂಬನ್ನು ನೋಡಿದವರು ಕಡಿಮೆ. ಹೋದ ಸೆಮಿಸ್ಟರಲ್ಲಿ ಅದು ಕೈಕೊಡ್ತು. 3 ಎಂಎಂ ಅಕ್ರಿಲಿಕ್ ಕೂಡ ಪೂರ್ತಿ ಕಟ್ ಆಗ್ತಿರಲಿಲ್ಲ. ಹೊಸ ಟ್ಯೂಬ್ ಅಂದ್ರೆ ಹತ್ತಾರು ಸಾವಿರ ರೂಪಾಯಿ, ಕೊಟೇಶನ್, ಸಹಿ, ಮತ್ತೆ ಸಹಿ. ನಮ್ಮ ಪ್ರಾಜೆಕ್ಟ್ ಡೆಮೋ ಅಲ್ಲಿವರೆಗೆ ಕಾಯೋ ಹಾಗಿರಲಿಲ್ಲ.

ಹಾಗಾಗಿ ನಾನು ಮತ್ತು ನನ್ನ ಟೀಮ್‌ಮೇಟ್ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ, ಎಂ.ಜಿ. ರೋಡಲ್ಲಿ ಇಳಿದು, ಕಮರ್ಷಿಯಲ್ ಸ್ಟ್ರೀಟ್ ದಾಟಿ ಶಿವಾಜಿನಗರಕ್ಕೆ ನಡೆದ್ವಿ. ಅಲ್ಲೊಂದು ಗಲ್ಲಿಯಲ್ಲಿ ಅಕ್ರಿಲಿಕ್ ಬೋರ್ಡು, ಟ್ರೋಫಿ, ಮದುವೆ ಸ್ಟೇಜಿಗೆ ಹೆಸರು ಮಾಡಿಕೊಡೋ ಪುಟ್ಟ ಅಂಗಡಿ. ರೇಟು ನಿಮಿಷದ ಲೆಕ್ಕ. ಮನೆಯಿಂದ ಎಣಿಸಿ ದುಡ್ಡು ತರಿಸೋ ನನ್ನ ಗೆಳೆಯ ಅಲ್ಲೇ ನಿಂತು ಲ್ಯಾಪ್‌ಟಾಪಲ್ಲಿ ಡಿಸೈನನ್ನು ಚಿಕ್ಕದು ಮಾಡಿದ. ಅದು ನನಗೆ ಸ್ವಲ್ಪ ಚುಚ್ಚಿತು. ಲ್ಯಾಬಿನ ಮಷೀನ್ ಸರಿ ಇದ್ದಿದ್ರೆ ಅವನು ಆ ಎರಡು ಬ್ರ್ಯಾಕೆಟ್ ಅಳಿಸಬೇಕಾಗಿರಲಿಲ್ಲ.

ಅಂಗಡಿಯವರ ಟ್ಯೂಬ್ ಪಕ್ಕ ಒಂದು ಸ್ಟಿಕರ್ ಇತ್ತು, ಅದರಲ್ಲಿ ತಾರೀಖು.

“ಭಾಯ್, ಇದು ಟ್ಯೂಬ್ ಹಾಕಿದ ದಿನಾನಾ?” ಅಂತ ಕೇಳಿದೆ.

“ಹೂಂ ಕಣಪ್ಪ, ಎರಡು ವರ್ಷದ ಮೇಲಾಯ್ತು. ಇದು ಹೋದ್ರೆ ನನ್ನ ಒಂದು ತಿಂಗಳ ದುಡಿಮೆ ಹೋಗುತ್ತೆ. ನಿಮ್ ಕಾಲೇಜಲ್ಲಿ ಹೋದ್ರೆ ಯಾರ ಜೇಬಿಂದ ಹೋಗುತ್ತೆ?”

ನಮ್ಮ ಹತ್ರ ಉತ್ತರ ಇರಲಿಲ್ಲ. ಆಮೇಲೆ ಅವರು ಹೇಳಿದ್ದು, ನಾನು ಓದಿ ತಿಳಿದುಕೊಂಡಿದ್ದು ಎರಡನ್ನೂ ಸೇರಿಸಿ ಬರೀತಿದ್ದೀನಿ.

ಈ ಟ್ಯೂಬಲ್ಲಿ ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ಹೀಲಿಯಂ ಮಿಶ್ರಣ ಇರುತ್ತೆ. ಇಂಥ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೊದಲು ಮಾಡಿದವರು ಸಿ. ಕುಮಾರ್ ಪಟೇಲ್. ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ಕಿರಣದ ತರಂಗಾಂತರ 10.6 ಮೈಕ್ರೋಮೀಟರ್, ಕಣ್ಣಿಗೆ ಕಾಣಲ್ಲ. ಟ್ಯೂಬಿಗೆ ಕೊಟ್ಟ ವಿದ್ಯುತ್ತಿನ ಹೆಚ್ಚಿನ ಪಾಲು ಬೆಳಕಾಗದೆ ಬಿಸಿಯಾಗುತ್ತೆ. ಆ ಬಿಸಿಯನ್ನು ಹೊತ್ತುಕೊಂಡು ಹೋಗೋದು ಗಾಜಿನ ಸುತ್ತ ಹರಿಯೋ ನೀರು. ಟ್ಯೂಬಿನ ಆಯಸ್ಸಿನ ಅರ್ಧ ಕತೆ ಈ ನೀರಿನದ್ದೇ.

ನಮ್ಮ ಕಡೆ ಬೋರ್‌ವೆಲ್ ನೀರು, ಟ್ಯಾಂಕರ್ ನೀರು. ಹಾಸ್ಟೆಲ್ ಗೀಸರಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಪೊರೆ ಟ್ಯೂಬಿನೊಳಗೂ ಕಟ್ಟುತ್ತೆ. ಪೊರೆ ಕಟ್ಟಿದ ಗಾಜು ಬಿಸಿ ಬಿಟ್ಟುಕೊಡಲ್ಲ. ಜೊತೆಗೆ ಲವಣ ಇರೋ ನೀರಲ್ಲಿ ಕರೆಂಟ್ ಹರಿಯುತ್ತೆ, ಸಾವಿರಾರು ವೋಲ್ಟಿನ ಪಕ್ಕದಲ್ಲಿ ಅದು ಬೇಡವೇ ಬೇಡ. ಡಿಸ್ಟಿಲ್ಡ್ ವಾಟರ್ ಹಾಕಬೇಕು. ಮನೆ ಯುಪಿಎಸ್‌ಗೆ ಹಾಕ್ತೀವಲ್ಲ, ಆ ಬ್ಯಾಟರಿ ನೀರು. ಆಸಿಡ್ ಅಲ್ಲ, ನೀರು. ಪಾಚಿ ಕಟ್ಟೋ ಮೊದಲೇ ಬದಲಾಯಿಸಬೇಕು.

ನೀರು ಸುಮಾರು 18ರಿಂದ 22 ಡಿಗ್ರಿ ಇದ್ರೆ ಟ್ಯೂಬಿಗೆ ಖುಷಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇರುವಾಗ ಬಕೆಟ್ಟು, ಪಂಪು ಸಾಲಲ್ಲ. ಬರೀ ಫ್ಯಾನ್ ಮತ್ತು ರೇಡಿಯೇಟರ್ ಇರೋ ಚಿಲ್ಲರ್ ಕೂಡ ರೂಮಿನ ಬಿಸಿಗಿಂತ ಕೆಳಗೆ ತಣಿಸಲಾರದು. ಕಂಪ್ರೆಸರ್ ಇರೋದು ಬೇಕು. ಹಾಗಂತ ಐಸ್ ಸುರಿಯಬೇಡಿ. ಬಿಸಿ ಗಾಜಿಗೆ ತಣ್ಣೀರು ತಾಗಿದ್ರೆ ಸೀಳಬಹುದು. ಮಳೆಗಾಲದಲ್ಲಿ ಟ್ಯೂಬ್ ಮೇಲೆ ಹನಿ ಕೂತು ಸ್ಪಾರ್ಕ್ ಆಗಬಹುದು. ಆನ್ ಮಾಡೋ ಮೊದಲು ನೀರಲ್ಲಿ ಗಾಳಿಗುಳ್ಳೆ ನಿಂತಿದೆಯಾ ನೋಡಿ. ಗುಳ್ಳೆ ಇರೋ ಜಾಗ ಮಾತ್ರ ಬಿಸಿಯಾಗಿ ಅಲ್ಲೇ ಬಿರುಕು ಬಿಡುತ್ತೆ. ನೀರು ಹೊರಗೆ ಹೋಗೋ ಮೂತಿ ಮೇಲ್ಮುಖವಾಗಿದ್ರೆ ಗುಳ್ಳೆ ತಾನೇ ಹೊರಟುಹೋಗುತ್ತೆ.

ಇನ್ನರ್ಧ ಕತೆ ನಮ್ಮ ಅವಸರದ್ದು. ಕಟ್ ಆಗ್ತಿಲ್ಲ ಅಂದ್ರೆ ಎಲ್ಲರೂ ಮೊದಲು ಪವರ್ ಏರಿಸ್ತಾರೆ. ಭಾಯ್ ಹಾಗಲ್ಲ. ಮೊದಲು ಲೆನ್ಸ್, ಆಮೇಲೆ ಕನ್ನಡಿಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಮೆಲ್ಲಗೆ ಒರೆಸ್ತಾರೆ. ಎಂಡಿಎಫ್ ಹೊಗೆಯ ಜಿಡ್ಡು ಕೂತಿದ್ರೆ ಕಿರಣ ದಾರಿಯಲ್ಲೇ ಸೋರಿಹೋಗುತ್ತೆ. ಕನ್ನಡಿಯ ತಪ್ಪಿಗೆ ಟ್ಯೂಬಿಗೆ ಶಿಕ್ಷೆ ಕೊಟ್ರೆ ಅದು ಬೇಗ ಮುದಿಯಾಗುತ್ತೆ. ಸ್ಕ್ರೀನಲ್ಲಿ ಕಾಣೋ ಪರ್ಸೆಂಟ್ ನಂಬಬೇಡಿ, ಮಿಲಿಆಂಪ್ ಮೀಟರ್ ನೋಡಿ. ಟ್ಯೂಬಿನ ಗರಿಷ್ಠ 25 ಮಿಲಿಆಂಪ್ ಆಗಿದ್ರೆ 18–20ರೊಳಗೆ ಕೆಲಸ ಮುಗಿಸಿ. ದಪ್ಪ ಶೀಟಿಗೆ ಸ್ಪೀಡ್ ಇಳಿಸಿ, ಇಲ್ಲಾಂದ್ರೆ ಎರಡು ಸಲ ಓಡಿಸಿ.

ಇಷ್ಟೆಲ್ಲ ಮಾಡಿದ್ರೂ ಟ್ಯೂಬ್ ಚಿರಂಜೀವಿ ಅಲ್ಲ. ಒಳಗಿನ ಅನಿಲ ನಿಧಾನಕ್ಕೆ ಕೆಡುತ್ತೆ, ಹೀಲಿಯಂ ಗಾಜಿನಿಂದಲೇ ಮೆಲ್ಲಗೆ ಹೊರಗೆ ಹೋಗುತ್ತೆ. ಅದಕ್ಕೇ ಕಡಿಮೆಗೆ ಸಿಕ್ತು ಅಂತ ಸ್ಪೇರ್ ಟ್ಯೂಬ್ ಕೊಂಡು ವರ್ಷಗಟ್ಟಲೆ ಇಡೋದೂ ಲಾಭ ಅಲ್ಲ.

ಈಗ ನಮ್ಮ ಲ್ಯಾಬಿಗೆ ಹೊಸ ಟ್ಯೂಬ್ ಬಂದಿದೆ. ಹಾಕಿದ ತಾರೀಖು ಬರೆದು ಸ್ಟಿಕರ್ ಅಂಟಿಸಿದ್ದೀವಿ. ನೀರಿನ ಹರಿವು ನಿಂತ್ರೆ ಲೇಸರ್ ತಾನೇ ಆಫ್ ಆಗೋ ಸೆನ್ಸರನ್ನು ಲ್ಯಾಬ್ ಸರ್ ಜೋಡಿಸಿದ್ದಾರೆ. ಅದು ತೊಂದರೆ ಕೊಡ್ತಿದೆ ಅಂತ ವೈರ್ ಶಾರ್ಟ್ ಮಾಡೋ ಬುದ್ಧಿವಂತಿಕೆ ಯಾರೂ ತೋರಿಸಬೇಡಿ. ಹಿಂದಿನ ಮುಚ್ಚಳವನ್ನೂ ತೆಗೀಬೇಡಿ. ಸ್ವಿಚ್ ಆಫ್ ಆದ ಮೇಲೂ ಅಲ್ಲಿ ಹೈ ವೋಲ್ಟೇಜ್ ಉಳಿದಿರುತ್ತೆ, ಅದು ಸರ್ ಕೆಲಸ.

ಮೇಜಿನ ಮೇಲೆ ಒಂದು ಲಾಂಗ್ ಬುಕ್ ಇದೆ: ದಿನಾಂಕ, ನೀರಿನ ಉಷ್ಣಾಂಶ, ಮಿಲಿಆಂಪ್, ಲೆನ್ಸ್ ಒರೆಸಿದವರ ಹೆಸರು. ಬರೆಯೋಕೆ ಎರಡು ನಿಮಿಷ ಸಾಕು. ಸದ್ಯ ನಾವು ಮೂರೇ ಜನ ಬರೀತಿದ್ದೀವಿ. ಪರೀಕ್ಷೆ, ರಜೆ, ಇಂಟರ್ನ್‌ಶಿಪ್ ಅಂತ ನಾವು ಹೋದಾಗ ಪುಟ ಖಾಲಿ ಬೀಳುತ್ತೆ. ಫಸ್ಟ್ ಇಯರಿಂದ ಇಬ್ಬರು ಬಂದ್ರೆ ಸಾಕು. ಶನಿವಾರ ಮಧ್ಯಾಹ್ನ ನೀರು ಬದಲಾಯಿಸ್ತೀವಿ, ಬನ್ನಿ.