ಐತವಾರದ ಕೌದಿ

ಐತವಾರ ಮಧ್ಯಾಹ್ನ ಊಟದ ತಾಟು ತೊಳೆದಿಟ್ಟ ಮೇಲೆ ನಮ್ಮ ಮನೆಯ ಪಡಸಾಲೆಗೆ ನಾಲ್ಕು ಗುಂಡುಕಲ್ಲು ಬರುತ್ತವೆ. ಹಿತ್ತಲ ಬಾಗಿಲ ಹಿಂದೆ ಇರುವ ಕಲ್ಲುಗಳು, ಒಂದೊಂದೂ ತೆಂಗಿನಕಾಯಿ ಗಾತ್ರದ್ದು. ಮಗಳು ಕೈಗೊಂದರಂತೆ ಎರಡು ತರುತ್ತಾಳೆ. ಐದು ವರ್ಷದ ಮಗ ಒಂದನ್ನು ಎದೆಗೆ ಅವಚಿಕೊಂಡು ತಂದು ಇಳಿಸಿ, ಉಳಿದೊಂದಕ್ಕೆ ಮತ್ತೆ ಓಡುತ್ತಾನೆ. ನವಲಗುಂದದ ಹಳೆಯ ಜಮಖಾನದ ಮೇಲೆ ಕೌದಿ ಹರವಿ, ಸುಕ್ಕು ಬಿಡಿಸಿ, ಮೂಲೆಗೊಂದು ಕಲ್ಲಿಡುತ್ತೇವೆ. ಅತ್ತಿಯವರು ಸೀದಾ ಹೋಗಿ ಕೌದಿಯ ಮೇಲೆಯೇ ಕಾಲು ಮಡಚಿ ಕೂತುಬಿಡುತ್ತಾರೆ. ಮೈಯ ಭಾರಕ್ಕೆ ಪದರಗಳು ಸರಿಯದೆ ನಿಲ್ಲುತ್ತವೆ.

ಸೋಮವಾರದಿಂದ ಶನಿವಾರದವರೆಗೆ ಈ ಪಡಸಾಲೆಯಲ್ಲಿ ಎಲ್ಲರೂ ಕೂಡಿ ಕೂರುವುದಿಲ್ಲ. ನಾನು ಗದಗಿನ ಬಸ್ಸು ಹಿಡಿಯಬೇಕು, ನಮ್ಮವರು ಲಕ್ಷ್ಮೇಶ್ವರದ ಕಡೆ ಹೋಗಬೇಕು, ಮಕ್ಕಳ ಸಾಲಿ, ಡಬ್ಬಿ, ಅಭ್ಯಾಸ. ಸಂಜೆ ಮನೆ ಮುಟ್ಟಿದಾಗ ಒಲೆ ಕಾಯುತ್ತಿರುತ್ತದೆ. ನಮಗೆ ಸಿಗುವುದು ಐತವಾರದ ಎರಡು ತಾಸು, ಉಳಿದ ದಿನಗಳಲ್ಲಿ ಅಲ್ಲಲ್ಲಿ ಹತ್ತು ನಿಮಿಷ. ಇಷ್ಟರಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕೈಯಿಂದ ಏನಾದರೂ ಮಾಡಬೇಕೆಂದರೆ ಕೌದಿಗಿಂತ ಒಗ್ಗುವ ಕೆಲಸ ನಾನು ಬೇರೆ ಕಂಡಿಲ್ಲ.

ಕನ್ನಡ ಓದುವವರಿಗೆ ನಮ್ಮ ಊರಾದ ಕುರ್ತಕೋಟಿಯ ಹೆಸರು ವಿಮರ್ಶಕ ಕೀರ್ತಿನಾಥರಿಂದ ಪರಿಚಯ. ಮದುವೆಯಾಗಿ ಬರುವ ಮುಂಚೆ ನನಗೂ ಅಷ್ಟೇ ಗೊತ್ತಿತ್ತು. ಬಂದ ವರ್ಷ ಮಹಾನವಮಿಗೆ ಮುಂಚೆ ಹಾಸಿಗೆ-ಹೊದಿಕೆ ಒಗೆಯುವ ದಿನ ಓಣಿಯ ತುಂಬ, ಗ್ವಾಡಿ, ಮಾಳಿಗೆ, ಚಕ್ಕಡಿಯ ನೊಗ ಎನ್ನದೆ, ಕೌದಿಗಳು ಒಣಗುತ್ತಿದ್ದವು. ನೆನೆದ ಕೌದಿಯನ್ನು ಒಬ್ಬರಿಂದ ಹಿಂಡಲಾಗುವುದಿಲ್ಲ. ಅತ್ತಿಯವರು ಒಂದು ತುದಿ ಹಿಡಿದು ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಎದುರುಬದುರು ನಿಂತು ತಿರುಚಿದೆವು. ಈ ಮನೆಯಲ್ಲಿ ನಾವಿಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು. ಆ ಕೌದಿಯಲ್ಲಿ ಇಳಕಲ್ ಸೀರೆಯ ಕೆಂಪು ದಡಿ, ಗುಳೇದಗುಡ್ಡದ ಕಣದ ಕುಬಸ, ಯಾರದೋ ಸಾಲಿಯ ಖಾಕಿ ಚಡ್ಡಿ ಎಲ್ಲ ಇದ್ದವು. ಖಾಕಿ ತುಂಡಿನ ಮೇಲೆ ಬೆರಳಿಟ್ಟು ಅತ್ತಿ, ‘ಇದು ನಿನ್ನ ಗಂಡಂದು, ನಾಕನೆತ್ತಾ ಓದೂ ಮುಂದಿಂದು’ ಎಂದರು.

ಹೊತ್ತಿಲ್ಲದ ಹೆಣ್ಣುಮಕ್ಕಳು ಕಂಡುಕೊಂಡ ಕಸುಬು ಇದು. ಹೊಲದ ಕಳೆ, ದನದ ಸಗಣಿ, ದಿನಕ್ಕೆ ಮೂವತ್ತು ರೊಟ್ಟಿ ಇವುಗಳ ನಡುವೆ ಬಿಡುವಿದ್ದಷ್ಟು ಹೊತ್ತು ಕೂತು ನಾಲ್ಕು ಸಾಲು ಹಾಕಿ ಏಳುತ್ತಿದ್ದರು. ಎಲ್ಲಿ ಬೇಕಾದರೂ ಸೂಜಿ ಚುಚ್ಚಿಟ್ಟು ಏಳಬಹುದು, ಎಂಟು ದಿನ ಬಿಟ್ಟು ಬಂದು ಅಲ್ಲಿಂದಲೇ ಹಿಡಿಯಬಹುದು. ಕಸೂತಿ ಹಾಗಲ್ಲ. ನನಗೆ ಕಸೂತಿಯ ಮೇಲೂ ಜೀವ, ಆದರೆ ಅದರಲ್ಲಿ ಬಟ್ಟೆಯ ಎಳೆ ಎಣಿಸಬೇಕು. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಸಂದು ತುಂಬಬೇಕು. ನಡುವೆ ಮಗು ಬಂದು ‘ಮಮ್ಮೀ, ನೀರು’ ಎಂದರೆ ಲೆಕ್ಕ ತಪ್ಪಿ, ಗೋಪುರದ ಒಂದು ಮೆಟ್ಟಿಲು ಡೊಂಕಾಗುತ್ತದೆ, ಬಿಚ್ಚಬೇಕಾಗುತ್ತದೆ. ಕೌದಿಗೆ ಮಗು ಮೇಲೆ ಬಿದ್ದು ಹೊರಳಿದರೂ ಏನೂ ಆಗುವುದಿಲ್ಲ.

ಈಗ ಹೊಲಿಯುತ್ತಿರುವುದು ತೊಟ್ಟಿಲ ಕೌದಿ. ನಾದಿನಿ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಾಳೆ. ಅಗಲ ಮೂರು ಫೂಟು, ಉದ್ದ ನಾಲ್ಕು. ಮೊದಲ ಸಲ ಕೈಹಾಕುವ ತಂದೆ-ತಾಯಿಗಳಿಗೂ ನಾನು ಈ ಅಳತೆಯನ್ನೇ ಹೇಳುತ್ತೇನೆ. ಮಲಗುವಷ್ಟು ದೊಡ್ಡದಕ್ಕೆ ಕೈಹಾಕಿದರೆ ಮಕ್ಕಳ ಉಮೇದು ಅರ್ಧದಲ್ಲೇ ಇಳಿಯುತ್ತದೆ. ಒಂದು ಬೆರಳಗಲಕ್ಕೊಂದು ಸಾಲು ಎಂದರೆ ಇದಕ್ಕೆ ನಲವತ್ತೆಂಟು ಸಾಲು. ಒಂದು ಸಾಲಿಗೆ ನನಗೆ ಹತ್ತು-ಹನ್ನೆರಡು ನಿಮಿಷ ಬೇಕು, ಹಾಲು ಕಾಯುವ, ಅನ್ನ ಬೇಯುವ ಹೊತ್ತು.

ಮೊದಲ ಐತವಾರ ಪೂರ್ತಿ ಅರಿವಿ ಆರಿಸುವುದಕ್ಕೇ ಹೋಯಿತು. ನನಗೆ ಇದು ಎಲ್ಲಕ್ಕಿಂತ ಇಷ್ಟದ ದಿನ. ಹಳೆಯ ಗಂಟು ಬಿಚ್ಚಿ ಪಡಸಾಲೆಯ ತುಂಬ ಹರಡುತ್ತೇವೆ. ಹೊಲಿಗೆ ಬಿಚ್ಚುವುದು, ಗುಂಡಿ ಕತ್ತರಿಸುವುದು, ಜೇಬಿನ ದಪ್ಪ ಅಂಚು ತೆಗೆಯುವುದು ಮಕ್ಕಳ ಪಾಲು. ಗುಂಡಿಗಳೆಲ್ಲ ಮಗನ ಡಬ್ಬಿಗೆ ಸೇರುತ್ತವೆ. ಹಸುಗೂಸಿಗೆ ಹೊಸ ಅರಿವಿ ತಾಗಿಸುವುದಿಲ್ಲ. ನೂರು ಸಲ ಒಗೆದು ಗಂಜಿಯೆಲ್ಲ ಹೋಗಿ, ಎಳೆ ಮೆತ್ತಗಾದ ಹತ್ತಿಯೇ ಅದರ ಮೈಗೆ ಹಿತ.

ಹತ್ತಿಯೇ ಆಗಬೇಕು ಎಂಬುದನ್ನು ನಾನು ಕಲಿತದ್ದು ಮೊದಲ ಕೌದಿ ಕೆಟ್ಟ ಮೇಲೆ. ಬಣ್ಣಕ್ಕೆ ಮನಸೋತು ನೈಲಾನ್ ಸೀರೆಯ ಪಟ್ಟಿಯೊಂದನ್ನು ನಡುವೆ ಕೂಡಿಸಿದ್ದೆ. ಒಂದೇ ಒಗೆತಕ್ಕೆ ಸುತ್ತಲಿನ ಹತ್ತಿ ಕುಗ್ಗಿತು, ನೈಲಾನ್ ಕುಗ್ಗಲಿಲ್ಲ. ಆ ಪಟ್ಟಿ ಉಬ್ಬಿ ಹಪ್ಪಳದ ಹಾಗೆ ಎದ್ದು ನಿಂತಿತು. ಈಗ ಅನುಮಾನ ಬಂದ ಅರಿವಿಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನ್ ಆದರೆ ಕರಗಿ ಗಟ್ಟಿ ಹರಳಾಗುತ್ತದೆ. ಬೆಂಕಿಯ ಈ ಪರೀಕ್ಷೆಯನ್ನು ನಾನೇ ಮಾಡುತ್ತೇನೆ, ತೀರ್ಪು ಹೇಳುವವಳು ಮಗಳು. ಬಣ್ಣ ಬಿಡುವ ಅರಿವಿಗೆ ಇನ್ನೊಂದು ಪರೀಕ್ಷೆ ಇದೆ. ಹಸಿ ಮಾಡಿ, ಬಿಳಿ ಚಿಂದಿಯ ಕೆಳಗಿಟ್ಟು ಒತ್ತಿ ನೋಡುವುದು. ಮಗಳ ಮೆಚ್ಚಿನ ಗುಲಾಬಿ ಫ್ರಾಕು ಇದರಲ್ಲಿ ಸೋತು ಮೂರು ಸಲ ನೆನೆದ ಮೇಲೆ ಪಾಸಾಯಿತು.

ಈ ಅರಿವಿಗಳು ಬಂದ ದಾರಿಯನ್ನು ಒಮ್ಮೆ ಮಕ್ಕಳಿಗೆ ಹೇಳಿದೆ. ಈ ಸೀಮೆಯ ಎರೆಹೊಲದಲ್ಲಿ ಜಯಧರ್ ಹತ್ತಿ ಬೆಳೆಯುತ್ತಿತ್ತು. ಅದರ ಎಳೆ ಗಿಡ್ಡದು, ಆದರೆ ಮಳೆ ಕೈಕೊಟ್ಟರೂ ತಡೆದು ನಿಲ್ಲುವ ನಾಡಹತ್ತಿ. ಹತ್ತಿ ಗದಗಿನ ಪೇಟೆಗೆ ಹೋಗುತ್ತಿತ್ತು, ಗಿರಣಿಯಲ್ಲಿ ಬೀಜ ಬೇರೆಯಾಗುತ್ತಿತ್ತು. ಅತ್ತ ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಸದ್ದು. ಅಲ್ಲಿ ನೇಯ್ದ ಸೀರೆಯೊಂದು ಈ ಗಂಟಿನಲ್ಲೂ ಇತ್ತು. ಹೊಲದಲ್ಲಿ ಬೆಳೆದದ್ದು ಹಾಸಿಗೆಯಾಗಿ ಇದೇ ಊರಿಗೆ ಮರಳುತ್ತದೆ ಎಂಬ ಮಾತು ಮಗಳಿಗೆ ಬಹಳ ಹಿಡಿಸಿತು. ಬೆಟಗೇರಿಯ ಸೀರೆಯನ್ನು ಮೂಸಿ ನೋಡಿ, ‘ಮಣ್ಣಿನ ವಾಸನೆ ಬರವಲ್ದು’ ಎಂದಳು.

ಅಂದು ಅತ್ತಿಯವರು ಒಳಗೆ ಹೋಗಿ ಟ್ರಂಕು ತೆಗೆದ ಸದ್ದು ಕೇಳಿಸಿತು. ಬಹಳ ಹೊತ್ತು ಬರಲಿಲ್ಲ. ಹೊರಗೆ ಬಂದಾಗ ಕೈಯಲ್ಲಿ ಮಾವನವರ ಧೋತರ ಇತ್ತು. ಅವರು ಹೋಗಿ ಎರಡು ವರ್ಷ. ಮಿಕ್ಕ ಬಟ್ಟೆಗಳನ್ನೆಲ್ಲ ಕೊಟ್ಟಿದ್ದರು, ಇದೊಂದನ್ನು ಯಾರಿಗೂ ಕೊಟ್ಟಿರಲಿಲ್ಲ. ನೀಲಿ ಹಾಕಿ ಹಾಕಿ ಬಿಳುಪಿಗೊಂದು ತಣ್ಣನೆಯ ಛಾಯೆ ಬಂದಿತ್ತು. ಮೊಣಕಾಲಿನ ಜಾಗದಲ್ಲಿ ಎಳೆ ತೆಳುವಾಗಿ ಆಚೆಯ ಬೆಳಕು ಕಾಣುತ್ತಿತ್ತು.

‘ಇದನ್ನ ಅಡಿಗೆ ಹಾಕು.’

‘ಇರಲಿ ಬಿಡ್ರಿ ಅತ್ತಿ, ಬ್ಯಾರೆ ಅರಿವಿ ಅದಾವ.’

‘ಟ್ರಂಕಿನ್ಯಾಗ ಇಟ್ರ ಹುಳ ತಿಂತಾವವಾ. ಮೊಮ್ಮಗ ಅಂದ್ರ ಅವರಿಗೆ ಜೀವ ಇತ್ತು. ಕೂಸು ಮಲಗಲಿ.’

ನಾನು ಮತ್ತೆ ಮಾತಾಡಲಿಲ್ಲ. ಧೋತರವನ್ನು ಎರಡು ಮಡಿಕೆ ಮಾಡಿ ಹಾಸಿದೆವು. ತೆಳುವಾದ ಜಾಗ ಒಂದರ ಮೇಲೊಂದು ಬಾರದಂತೆ ಅತ್ತಿಯವರೇ ತಿರುಗಿಸಿ ಮಡಚಿದರು.

ದೂರದ ಅಮೆರಿಕದ ಅಲಬಾಮಾದಲ್ಲಿ, ನದಿಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಊರಿದೆ. ಗುಲಾಮರಾಗಿದ್ದವರ ವಂಶದ ಹೆಣ್ಣುಮಕ್ಕಳು ಅಲ್ಲಿ ಹೊಲದ ಕೆಲಸದ ಹಳೆಯ ಬಟ್ಟೆಗಳಿಂದ ಕೌದಿ ಹೊಲಿಯುತ್ತ ಬಂದಿದ್ದಾರೆ. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಯೇರಿದವು, 2006ರಲ್ಲಿ ಆ ದೇಶದ ಅಂಚೆಚೀಟಿಗಳ ಮೇಲೂ ಬಂದವು. ಆ ಊರಿನ ಕೌದಿಗಳಲ್ಲೊಂದನ್ನು ಮಿಸೂರಿ ಪೆಟ್ವೇ ಎಂಬಾಕೆ 1942ರಲ್ಲಿ ಹೊಲಿದದ್ದು, ತೀರಿಹೋದ ಗಂಡನ ಕೆಲಸದ ಬಟ್ಟೆಗಳಿಂದ. ಅದರ ಚಿತ್ರ ನೋಡಿದ್ದೇನೆ. ಮಾಸಿದ ನೀಲಿ, ಬೂದು, ಪ್ಯಾಂಟಿನ ಕಾಲುಗಳ ಉದ್ದುದ್ದ ಪಟ್ಟಿಗಳು. ಅತ್ತಿಯವರಿಗೂ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿ, ಚಿತ್ರ ಹಿಗ್ಗಿಸಿ ನೋಡಿ, ‘ಹೊಲಿಗಿ ಛಲೋ ಐತಿ’ ಎಂದರು. ಗಂಡನ ವಿಷಯ ಕೇಳಿದ ಮೇಲೆ ಇನ್ನೊಂದು ಸಲ ನೋಡಿದರು.

ಎರಡನೆಯ ಐತವಾರ ಮೇಲಿನ ತುಂಡು ಜೋಡಿಸುವ ಕೆಲಸ. ಅಡಿಯ ಧೋತರ, ನಡುವೆ ಹಳೆಯ ಸೀರೆಯ ಒಂದು ಪದರ, ಮೇಲೆ ಬಣ್ಣದ ತುಂಡು. ಒಟ್ಟು ನಾಲ್ಕು ಪದರ ಸಾಕು, ಅದಕ್ಕಿಂತ ಹೆಚ್ಚಿದರೆ ಮಕ್ಕಳ ಕೈಯಲ್ಲಿ ಸೂಜಿ ಏರುವುದಿಲ್ಲ. ತುಂಡುಗಳನ್ನು ಎಲ್ಲಿ ಇಡಬೇಕೆಂಬುದನ್ನು ಮಕ್ಕಳಿಗೇ ಬಿಟ್ಟೆ. ನಾನಾಗಿದ್ದರೆ ಹಸಿರಿನ ಪಕ್ಕ ಕೇಸರಿ ಇಡುತ್ತಿರಲಿಲ್ಲ. ಅವರು ಇಟ್ಟರು, ಈಗ ಆ ಮೂಲೆಯೇ ಎಲ್ಲಕ್ಕಿಂತ ಬೆಳಗುತ್ತದೆ. ನಮ್ಮವರು ಮಂಡಿಯೂರಿ ಕೂತು ಎಲ್ಲವನ್ನೂ ಉದ್ದನೆಯ ಕಚ್ಚಾ ಹೊಲಿಗೆ ಹಾಕಿ ಹಿಡಿದು ನಿಲ್ಲಿಸಿದರು. ಚೀಲ ಹೊಲಿದು ರೂಢಿಯಾದ ಕೈ, ಆ ಕೆಲಸ ಅವರದು ಗಟ್ಟಿ.

ಆಮೇಲಿನದೆಲ್ಲ ಸಾಲು. ಅತ್ತಿಯವರ ಕೈಯನ್ನು ಹತ್ತಿರದಿಂದ ನೋಡಬೇಕು. ಬಲಗೈ ಮೇಲೆ, ಎಡಗೈ ಅರಿವಿಯ ಕೆಳಗೆ. ಸೂಜಿಯ ಮೊನೆ ಎಡಗೈಯ ತೋರುಬೆರಳ ತುದಿಗೆ ತುಸುವೇ ತಾಕಬೇಕು, ನಾಲ್ಕೂ ಪದರ ದಾಟಿದೆ ಎಂಬುದಕ್ಕೆ ಅದೊಂದೇ ಗುರುತು. ತಾಕಿದ ಕ್ಷಣ ಆ ಬೆರಳು ಸೂಜಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಹೀಗೆ ನಾಲ್ಕೈದು ಹೊಲಿಗೆ ಸೂಜಿಯ ಮೇಲೆಯೇ ಕೂಡಿದ ಮೇಲೆ ದಾರ ಎಳೆಯುತ್ತಾರೆ. ಎಳೆದು, ಹೆಬ್ಬೆರಳಿನಿಂದ ಸಾಲನ್ನು ಒಮ್ಮೆ ಹಿಂದಕ್ಕೆ ಸವರುತ್ತಾರೆ, ಬಿಗಿ ಸಡಿಲಾಗಲಿ ಎಂದು. ಬಿಗಿದರೆ ಅರಿವಿ ನಿರಿಗೆಗಟ್ಟುತ್ತದೆ. ಹೊಲಿಗೆ ಉದ್ದವಾಗಿ ಸಡಿಲಾದರೆ ಕೂಸಿನ ಕಾಲ್ಬೆರಳು ದಾರದಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಒಂದೊಂದು ಹೊಲಿಗೆಯೂ ಜೋಳದ ಕಾಳಿನಷ್ಟೇ ಇರಬೇಕೆಂದು ಅವರ ಕಟ್ಟಪ್ಪಣೆ. ಆ ತೋರುಬೆರಳ ತುದಿಯನ್ನು ನಾನು ಮುಟ್ಟಿ ನೋಡಿದ್ದೇನೆ. ಒಣಗಿದ ಹುಣಸೆಬೀಜದಂತೆ ನುಣುಪಾಗಿ ಗಟ್ಟಿಯಾಗಿದೆ.

ಹೊದ್ದರೆ ಬೆಚ್ಚಗಾಗುವುದೂ ಈ ಸಾಲುಗಳಿಂದಲೇ. ಸಾಲು-ಸಾಲಿನ ನಡುವೆ ಅರಿವಿ ಉಬ್ಬಿ, ಪದರಗಳ ಒಳಗೆ ಗಾಳಿ ಕದಲದೆ ನಿಲ್ಲುತ್ತದೆ. ಮೈಯ ಕಾವನ್ನು ಹೊರಗೆ ಬಿಡದೆ ಇಟ್ಟುಕೊಳ್ಳುವುದು ಆ ಗಾಳಿ. ಬೇಸಿಗೆಗೆ ಅದೇ ಕೌದಿ ಅಡಿಗೆ ಹಾಸಿದರೆ ಬೆವರು ಹೀರುತ್ತದೆ.

ನಮ್ಮಲ್ಲಿ ಸಾಲು ನೇರ. ಆದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಅವರು ಅದಕ್ಕೆ ಕವಂದಿ ಎನ್ನುತ್ತಾರೆ. ಅವರಿಗೆ ನಾಲ್ಕೂ ಮೂಲೆಗೆ ಪುಟ್ಟ ಮಡಿಕೆ ತುಂಡುಗಳ ಹೂವು ಬೇಕೇ ಬೇಕು, ಹೂವಿಲ್ಲದ ಕವಂದಿ ಬತ್ತಲೆಯಂತೆ. ಈ ಮಾತು ಮಗಳ ಮನಸ್ಸಿನಲ್ಲಿ ನಿಂತುಬಿಟ್ಟಿತು. ನಮ್ಮ ಕೌದಿಗೂ ಹೂವು ಬೇಕೆಂದು ಹಟ ಹಿಡಿದಳು. ಉಳಿದ ಇಳಕಲ್ ದಡಿಯನ್ನು ಮುಕ್ಕೋನವಾಗಿ ಮಡಚಿ ನಾಲ್ಕು ಹೂವು ಮಾಡಿಟ್ಟಿದ್ದಾಳೆ. ಅತ್ತಿಯವರು ತಿರುಗಿಸಿ ನೋಡಿ, ‘ಹಚ್ಚೂಣು’ ಎಂದಿದ್ದಾರೆ.

ಅವಳ ಮೊದಲ ಸಾಲು ಹಾವು ಹರಿದ ಹಾಗೆ ಹೋಗಿದೆ. ಬಿಚ್ಚಿ ನೇರ ಮಾಡೋಣವೆಂದು ನಾನು ಕತ್ತರಿ ಎತ್ತಿಕೊಂಡಿದ್ದೆ. ಅತ್ತಿ ಕೈ ಹಿಡಿದರು. ‘ಬಿಚ್ಚಬ್ಯಾಡ. ನಾಳೆ ಆ ಕೂಸಿಗೆ ತೋರಸೂದಕ ಬೇಕಾಗತೈತಿ.’ ಆ ಸಾಲು ಹಾಗೇ ಇದೆ, ಅದರ ಪಕ್ಕದ ನಾಲ್ಕನೆಯ ಸಾಲಿನ ಹೊತ್ತಿಗೆ ಅವಳ ಕೈ ಸೀದಾ ಆಗಿರುವುದೂ ಕಾಣುತ್ತದೆ.

ಮಗನ ಕೈಗೆ ಇನ್ನೂ ಸೂಜಿ ಕೊಟ್ಟು ಹೊಲಿಸುವ ವಯಸ್ಸಲ್ಲ. ಆದರೆ ಅವನಿಲ್ಲದೆ ಕೆಲಸ ನಡೆಯುವುದಿಲ್ಲ. ಅಜ್ಜಿಯ ಕಣ್ಣಿಗೆ ಸೂಜಿಯ ಕಣ್ಣು ಈಗ ಕಾಣುವುದಿಲ್ಲ. ವಾರದ ದಿನಗಳಲ್ಲಿ ನಾವೆಲ್ಲ ಹೊರಗೆ ಹೋದ ಮೇಲೆ ದಾರ ಮುಗಿದರೆ, ಯಾರಾದರೂ ಮನೆಗೆ ಬರುವ ತನಕ ಅವರು ಸುಮ್ಮನೆ ಕೂರಬೇಕಿತ್ತು. ಅದಕ್ಕೊಂದು ದಾರಿ ಮಾಡಿದವನು ಅವನೇ. ಐತವಾರ ಸಂಜೆ ಬಾಗಿಲ ಬೆಳಕಿಗೆ ಕೂತು ಹತ್ತು ಸೂಜಿಗೆ ದಾರ ಪೋಣಿಸುತ್ತಾನೆ. ನಾಲಿಗೆಗೆ ದಾರದ ತುದಿ ಒತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು. ಜೋಡಿ ದಾರ, ಅವನ ಎರಡು ಮಾರು ಉದ್ದ. ಗಂಟು ಹಾಕುವುದು ಅಕ್ಕನ ಪಾಲು. ಆಮೇಲೆ ಹತ್ತನ್ನೂ ಕ್ಯಾಲೆಂಡರಿನ ಕೆಳಗೆ ತೂಗುಹಾಕಿದ ಹಳೆಯ ಚಿಂದಿಗೆ ಸಾಲಾಗಿ ಚುಚ್ಚಿಡುತ್ತಾನೆ.

ಮೂವತ್ತೊಂದು ಸಾಲು ಆಗಿದೆ, ಹದಿನೇಳು ಉಳಿದಿದೆ. ಶನಿವಾರ ರಾತ್ರಿ ಬಂದು ನೋಡಿದಾಗ ಚಿಂದಿಯಲ್ಲಿ ಒಂಬತ್ತು ಬರಿಯ ಸೂಜಿ, ಒಂದರಲ್ಲಿ ಮಾತ್ರ ಗೇಣುದ್ದ ದಾರ. ಮಗ ನಿದ್ದೆಗಣ್ಣಿನಲ್ಲೇ ಎಣಿಸಿ, ‘ಅಜ್ಜಿ, ಈ ವಾರ ಹನ್ನೆರಡು ಹಾಕಲ್ಯಾ?’ ಎಂದು ಕೇಳಿದ. ಅತ್ತಿ ಆಗಲೇ ದಾರದ ಉಂಡೆ ತೆಗೆದು ಅವನ ತಲೆದಿಂಬಿನ ಹತ್ತಿರ ಇಟ್ಟಿದ್ದರು.