ಸಿದ್ದಾಪುರದಲ್ಲಿ ಕಚ್ಚೆಪಂಚೆಯ ಸ್ಪೈಡರ್‌ಮ್ಯಾನ್

ಬೆಂಗಳೂರಿಗೆ ಬಂದ ಪ್ರವಾಸಿಗರು ಲಾಲ್‌ಬಾಗನ್ನು ನೋಡದೆ ಹಿಂದಿರುಗುವುದಿಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ, 1889ರ ಗಾಜಿನ ಮನೆ, ಕೆಂಪೇಗೌಡರ ಗೋಪುರವನ್ನು ಹೊತ್ತ ಹೆಬ್ಬಂಡೆ ಇವನ್ನೆಲ್ಲ ಕಂಡು ತಣಿದ ಕಣ್ಣು, ಪಕ್ಕದಲ್ಲಿಯೇ ಇರುವ ಸಿದ್ದಾಪುರದತ್ತ ತಿರುಗುವುದು ಮಾತ್ರ ಅಪರೂಪ. ಆದರೆ ಅಂಗಳಕ್ಕೊಂದು ಗುಲಾಬಿಯೋ ಮಲ್ಲಿಗೆಯೋ ಬೇಕಾದ ಜಯನಗರದ ಗೃಹಿಣಿಯರಿಗೆ ಈ ಊರನ್ನು ಪರಿಚಯಿಸಬೇಕಾದುದಿಲ್ಲ. ಇಲ್ಲಿಯ ನರ್ಸರಿಗಳು ಹೆಸರಾದವು. ಮನೆಗಳು ಎದ್ದಂತೆಲ್ಲ ನೆಲ ಕಿರಿದಾಯಿತು. ಉಳಿದ ತುಂಡುಗಳಲ್ಲಿ ಕುಂಡಗಳು ಒತ್ತೊತ್ತಾಗಿ ನಿಂತಿವೆ. ಬೀದಿಯಲ್ಲಿ ನಾಲ್ಕು ಹೆಜ್ಜೆಯಿಟ್ಟರೆ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಗಿಡದ ಬೆಲೆಗಾಗಿ ಚೌಕಾಸಿ ನಡೆಯುವಾಗ ನಾಲ್ಕೂ ಒಂದೇ ವಾಕ್ಯದೊಳಗೆ ಕೂಡಿಕೊಳ್ಳುವುದೂ ಉಂಟು.

ಇಂತಹ ಬೀದಿಯ ಮನೆಯೊಂದರಲ್ಲಿ ಸ್ಪೈಡರ್‌ಮ್ಯಾನನ ಭಕ್ತನೊಬ್ಬನಿದ್ದಾನೆ. ಮೂವತ್ತು ದಾಟಿದ ಸಂಸಾರಸ್ಥ. ಏಳು ವರ್ಷದ ಮಗಳ ತಂದೆ. ಆದರೂ ಬಾಲ್ಯದ ಭಕ್ತಿ ಕರಗಿಲ್ಲ. 2004ರಲ್ಲಿ, ಅವನಿನ್ನೂ ಶಾಲೆಯಲ್ಲಿದ್ದಾಗ, ಒಂದು ಚಿತ್ರಕಥೆಯ ಪುಸ್ತಕ ಕೈಗೆ ಸಿಕ್ಕಿತು. ಅದರಲ್ಲಿ ಸ್ಪೈಡರ್‌ಮ್ಯಾನ್ ನಮ್ಮವರಂತೆ ಕಚ್ಚೆ ಹಾಕಿ ಪಂಚೆಯುಟ್ಟಿದ್ದ! ಅಮೆರಿಕದ ಪೀಟರ್ ಪಾರ್ಕರ್ ಇಲ್ಲಿ ಪವಿತ್ರ ಪ್ರಭಾಕರನಾಗಿದ್ದ. ಅತ್ತೆ ಮೇ ಮಾಯಾ ಆಗಿ, ಮಾವ ಬೆನ್ ಭೀಮನಾಗಿ, ಮೇರಿ ಜೇನ್ ಮೀರಾ ಜೈನ್ ಆಗಿ ಬಂದಿದ್ದರು. ಇವನಿಗೆ ಶಕ್ತಿ ದೊರೆತದ್ದು ಪ್ರಯೋಗಶಾಲೆಯ ಜೇಡದಿಂದಲ್ಲ, ಯೋಗಿಯೊಬ್ಬನ ವರದಿಂದ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಎಂಬ ಮೂವರು ಸೇರಿ ಹೆಣೆದ ಕಥೆ ಅದು. ಚಿತ್ರ ಬರೆದವರು ಕಾಂಗ್. ಅದನ್ನು ಹೊರತಂದ ಗೋಥಮ್ ಕಾಮಿಕ್ಸ್‌ಗೆ ಬೆಂಗಳೂರಿನಲ್ಲಿ ಕಚೇರಿಯಿತ್ತೆಂದು ತಿಳಿದಂದಿನಿಂದ, ಆ ವೀರ ಮುಂಬಯಿಯಲ್ಲಿ ಹಾರಾಡಿದರೂ ನಮ್ಮೂರಿನವನೇ ಎಂದು ಬಾಲಕನು ತೀರ್ಮಾನಿಸಿಬಿಟ್ಟ.

ಹೀಗೆ ಹೆಸರು, ಉಡುಪು, ದೈವಗಳನ್ನು ಬದಲಿಸಿ ಪರದೇಶದ ಕಥೆಯನ್ನು ಮನೆಗೆ ತರುವುದು ಕನ್ನಡಿಗರಿಗೆ ಹೊಸತೇನಲ್ಲ. ಗ್ರೀಕರ ಏಜಾಕ್ಸನನ್ನು ಬಿ.ಎಂ.ಶ್ರೀ. ಅಶ್ವತ್ಥಾಮನನ್ನಾಗಿಸಿದರು; ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಕುವೆಂಪು ಅವರ ಕೈಯಲ್ಲಿ ‘ರಕ್ತಾಕ್ಷಿ’ಯಾಯಿತು. ಜೇಡದ ವೀರನನ್ನು ಆ ಪಂಕ್ತಿಯಲ್ಲಿ ಕೂರಿಸಬೇಕೆಂದಲ್ಲ. ದಾರಿ ಮಾತ್ರ ಅದೇ.

2023ರ ಜೂನ್ 1ರಂದು ಈ ಪವಿತ್ರ ಪ್ರಭಾಕರ ಬೆಳ್ಳಿತೆರೆಗೆ ಬಂದ. ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಎಂಬ ಆ ಅನಿಮೇಶನ್ ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು, ಕನ್ನಡವೂ ಅವುಗಳಲ್ಲೊಂದು. ಇದು ಸಣ್ಣ ಸಂಗತಿಯಲ್ಲ. 1960ರ ದಶಕದಲ್ಲಿ ಅನಕೃ ಮೊದಲಾದ ಹಿರಿಯರು ಕನ್ನಡ ಚಿತ್ರಗಳು ಬದುಕಬೇಕೆಂದು ಡಬ್ಬಿಂಗನ್ನು ವಿರೋಧಿಸಿದರು. ಅಂದಿನ ಸ್ಥಿತಿಯಲ್ಲಿ ಅದಕ್ಕೆ ಕಾರಣವಿತ್ತು. ಕಾಯಿದೆಯ ಬಲವಿಲ್ಲದಿದ್ದರೂ ಆ ಕಟ್ಟುಪಾಡು ಅರ್ಧ ಶತಮಾನ ನಿಂತಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದು ಆದೇಶಿಸಿದ ಮೇಲೆ ಬಾಗಿಲು ಮೆಲ್ಲನೆ ತೆರೆಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ತಮ್ಮ ವೀರರ ಮಾತನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಿ ಬೆಳೆದಿದ್ದರು, ಅವರ ತಾಯಂದಿರು ಆ ಮಾತನ್ನು ಕೇಳದೆಯೇ ಉಳಿದಿದ್ದರು.

ಆದ್ದರಿಂದ ನಮ್ಮ ಭಕ್ತ ಜೂನ್ ತಿಂಗಳ ಮೊದಲ ಭಾನುವಾರ ಮಗಳ ಜೊತೆಗೆ ತಾಯಿಯನ್ನೂ ಹೊರಡಿಸಿದ. ರಾಜ್‌ಕುಮಾರರ ‘ಬಭ್ರುವಾಹನ’ವನ್ನು ಎಷ್ಟು ಸಲ ನೋಡಿದರೂ ಬೇಸರಿಸದ ಆಕೆಗೆ ಮಗನ ಈ ಹುಚ್ಚು ಎಂದೂ ಅರ್ಥವಾದುದಿಲ್ಲ. ಸಿದ್ದಾಪುರದ ಕಡೆಯಿಂದ ಲಾಲ್‌ಬಾಗನ್ನು ಹೊಕ್ಕು, ಮರಗಳ ನೆರಳಿನಲ್ಲಿ ನಡೆದು, ಮತ್ತೊಂದು ಬಾಗಿಲಿನಿಂದ ಹೊರಬಿದ್ದು ಮೂವರೂ ಚಿತ್ರಮಂದಿರ ಸೇರಿದರು.

ಭಕ್ತನಿಗೆ ಅಸಮಾಧಾನಗಳೂ ಇದ್ದವು. ಪವಿತ್ರನ ಪಾಲಿಗೆ ದೊರೆತ ಕಾಲ ತೀರ ಕಡಿಮೆ. ಮೀರಾ ಜೈನಳ ಜಾಗದಲ್ಲಿ ಗಾಯತ್ರಿ ಸಿಂಗ್ ಎಂಬವಳು. ಊರೋ, ಮುಂಬಯಿ ಮತ್ತು ಮ್ಯಾನ್‌ಹಟನ್‌ಗಳನ್ನು ಬೆಸೆದ ‘ಮುಂಬ್ಯಾಟನ್’, ಬೆಂಗಳೂರಿನ ಸುಳಿವಿಲ್ಲ! ತನ್ನ ಕೂದಲ ಸೊಂಪಿಗೆ ಕೊಬ್ಬರಿ ಎಣ್ಣೆಯೂ ಕಾರಣವೆಂದು ವೀರನು ಜಂಬ ಕೊಚ್ಚಿದಾಗ ಮಾತ್ರ ಅಜ್ಜಿ ಮೊಮ್ಮಗಳ ಜಡೆಯನ್ನು ಎಳೆದು ನಕ್ಕರು. ‘ಚಾಯ್ ಟೀ’ ಎಂದ ಅಮೆರಿಕದ ಹುಡುಗನನ್ನು, ಚಾಯ್ ಎಂದರೆ ಟೀ ತಾನೇ ಎಂದು ಪವಿತ್ರ ಗದರಿಸುವ ಪ್ರಸಂಗಕ್ಕೆ ಮಗಳು ನಕ್ಕಳು. (‘ನಡುಮಧ್ಯ’ ಎನ್ನುವ ನಾವು ಹೆಚ್ಚು ನಗದಿರುವುದು ಲೇಸು.)

ಕುಸಿಯುತ್ತಿರುವ ನಗರದಲ್ಲಿ ಗಾಯತ್ರಿಯ ತಂದೆ, ಪೊಲೀಸ್ ಅಧಿಕಾರಿ, ಸಾಯುವುದರಲ್ಲಿರುತ್ತಾನೆ. ಅಮೆರಿಕದ ಹುಡುಗ ಮೈಲ್ಸ್ ಅವನನ್ನು ಉಳಿಸುತ್ತಾನೆ. ಅದು ತಪ್ಪು, ಆ ಸಾವು ವಿಧಿಲಿಖಿತವಾಗಿತ್ತು, ಅದನ್ನು ತಡೆದರೆ ಲೋಕವೇ ಹರಿದುಹೋದೀತು ಎಂಬುದು ಹಿರಿಯ ಸ್ಪೈಡರ್‌ಮ್ಯಾನನ ವಾದ. ಮಗ ಎಂದಿನಂತೆ ತಾಯಿಗೆ ವಿವರಿಸಲು ಅತ್ತ ಬಾಗಿದ.

“ಗೊತ್ತಾಯ್ತು, ಸುಮ್ಮನಿರೋ,” ಎಂದರು ತಾಯಿ. “ಮಾರ್ಕಂಡೇಯನಿಗೆ ಹದಿನಾರೇ ವರ್ಷ ಅಂತ ಬರೆದಿತ್ತು. ಶಿವ ಕೇಳಿದನೇ? ಈ ಹುಡುಗ ಮಾಡಿದ್ದೇ ಸರಿ.”

ಇಪ್ಪತ್ತು ವರ್ಷಗಳಿಂದ ಮಗನು ಹೇಳಲು ಹೆಣಗಿದ್ದು ಆಕೆಗೆ ಯಾರೂ ಹೇಳದೆಯೇ ತಿಳಿದಿತ್ತು. ಅವನು ಪುನಃ ನೆಟ್ಟಗೆ ಕುಳಿತ. ಬಹಳ ಹೊತ್ತು ಮಾತನಾಡಲಿಲ್ಲ.

ಚಿತ್ರ ಮುಗಿಯಲಿಲ್ಲ, ನಿಂತಿತು. ಕಥಾನಾಯಕ ಶತ್ರುವಿನ ಕೈಯಲ್ಲಿ ಸಿಕ್ಕಿರುವಾಗಲೇ ‘ಮುಂದುವರಿಯುವುದು’ ಎಂಬ ಸೂಚನೆ! ಮೊಮ್ಮಗಳು ಸಿಡಿಮಿಡಿಗೊಂಡಳು. ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದಿ ಪಳಗಿದ ಅಜ್ಜಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮುಂದಿನ ಕಂತು ಎಂದು ಎಂದಷ್ಟೇ ಕೇಳಿದರು. ಮುಂದಿನ ವರ್ಷದ ಮಾರ್ಚಿಗೆ ಎಂದು ಮಗ ಹೇಳಿದ. 2024ರ ಆ ಮಾರ್ಚ್ ಬರುವ ಮೊದಲೇ ಬಿಡುಗಡೆ ಮುಂದಕ್ಕೆ ಹೋಯಿತು. ನರ್ಸರಿಯಲ್ಲಿ ಗುಲಾಬಿಯ ಕಸಿಗೆ ನೀರು ಹಾಕುತ್ತ ಆಕೆ ಈಗಲೂ ಆಗಾಗ ವಿಚಾರಿಸುವುದುಂಟು: “ಆ ಹುಡುಗನ ಕತೆ ಏನಾಯ್ತೋ?”