ಅಂಗನವಾಡಿಯ ತಟ್ಟೆಯಲ್ಲಿ ಬೆಲ್ಲದ ಲೆಕ್ಕ

ನಿವೃತ್ತಿಯಾದ ಮೇಲೆ ಮೇಷ್ಟರಿಗೆ ಪಾಠ ಹೇಳುವುದು ತಪ್ಪಬಹುದು, ಲೆಕ್ಕ ಬಿಡಿಸುವುದು ತಪ್ಪದು. ನಮ್ಮ ಹಲವಾಗಲಿನ ಕಡೆ ಅಂಗನವಾಡಿ ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನನ್ನೆದುರು ಒಂದು ಲೆಕ್ಕ ಇಟ್ಟಳು. "ಸಾರ್, ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯವರು ಸಿಹಿ ತರ್ತಾರ. ಬ್ಯಾಡ ಅಂದ್ರೆ ಸಿಟ್ಟು. ಹೂಂ ಅಂದ್ರೆ ಹುಡುಗರು ಅನ್ನ ಸಾಂಬಾರು ಮುಟ್ಟೋದಿಲ್ಲ. ಎಷ್ಟು ಕೊಡಬೌದು, ಹೇಳ್ರಿ."

ಪ್ರಶ್ನೆ ಚಿಕ್ಕದಾದರೂ ಅದರ ಬೇರು ಆಳದಲ್ಲಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ದಿನಕ್ಕೆ 500 ಕಿಲೋಕ್ಯಾಲರಿ ಶಕ್ತಿ, 12ರಿಂದ 15 ಗ್ರಾಂ ಪ್ರೋಟೀನ್ ಎಂದು ಅಳತೆ ಹಾಕಿತು. 2023ರಲ್ಲಿ ಆ ಪಟ್ಟಿ ಪರಿಷ್ಕೃತವಾಯಿತು. ತಿಳಿಯಲು ಸುಲಭವೆಂದು ಹಳೆಯ ಅಳತೆಯನ್ನೇ ಹಿಡಿಯೋಣ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ, ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿರಬೇಕು. ಇಪ್ಪತ್ತನೆಯ ಒಂದು ಭಾಗಕ್ಕೂ ಕೆಳಗಿದ್ದರೆ ಇನ್ನೂ ಒಳ್ಳೆಯದು. ಆ ಮಾತು ಇಡೀ ದಿನದ ಆಹಾರದ್ದು. ಅಂಗನವಾಡಿಯ ಪಾಲಿಗೂ ಅದನ್ನೇ ಅನ್ವಯಿಸಿದರೆ 500ಕ್ಕೆ 50 ಕಿಲೋಕ್ಯಾಲರಿ, ಅಂದರೆ ಸುಮಾರು 12 ಗ್ರಾಂ. ಚಹದ ಚಮಚದಲ್ಲಿ ಮೂರಕ್ಕೂ ಕಡಿಮೆ! ಹಾಲಿಗೆ ಹಾಕಿದ ಸಕ್ಕರೆಯೂ ಇದರೊಳಗೇ ಬಂತು. "ಬೆಲ್ಲ ಹಾಕೀವಲ್ಲ" ಎನ್ನುವವರಿದ್ದಾರೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರಬಹುದು, ಆದರೆ ಈ ಲೆಕ್ಕದಲ್ಲಿ ಅದೂ ಸಕ್ಕರೆಯೇ. ಪುಟ್ಟ ಹೊಟ್ಟೆ ಸಿಹಿಯಿಂದ ತುಂಬಿದರೆ ಬೇಳೆಗೆ ಜಾಗವೆಲ್ಲಿ? ಬಡಕಲು ಮಗುವಿಗೆ ಇದರಿಂದಾಗುವ ನಷ್ಟವೇ ಹೆಚ್ಚು.

ಹಾಗೆಂದು ಸಿಹಿಯನ್ನೇ ನಿಷೇಧಿಸಬೇಕೆ? ನಮ್ಮ ಹಿರಿಯರು ನಾಗರಪಂಚಮಿಗೆ ಕಟ್ಟುತ್ತಿದ್ದ ಉಂಡೆಗಳನ್ನು ನೆನೆಯಿರಿ. ಶೇಂಗಾ, ಎಳ್ಳು, ಪುಟಾಣಿ. ಬೆಲ್ಲ ಅವನ್ನು ಹಿಡಿದಿಡುವ ಅಂಟು ಮಾತ್ರ. ಶೇಂಗಾದಲ್ಲಿ ಕಾಲುಭಾಗದಷ್ಟು ಪ್ರೋಟೀನ್ ಇದೆ. 15 ಗ್ರಾಂ ಶೇಂಗಾಕ್ಕೆ 6 ಗ್ರಾಂ ಬೆಲ್ಲ ಸೇರಿಸಿ ಕಟ್ಟಿದ ಉಂಡೆಯಲ್ಲಿ ಹೆಚ್ಚುಕಡಿಮೆ 4 ಗ್ರಾಂ ಪ್ರೋಟೀನ್ ಸಿಕ್ಕುತ್ತದೆ. ಬೆಲ್ಲ ಕಡಿಮೆ ಹಾಕಿದ ಹೆಸರುಬೇಳೆ ಪಾಯಸವೂ ಆದೀತು. ಶೇಂಗಾವನ್ನು ಮಾತ್ರ ನುಣ್ಣಗೆ ಕುಟ್ಟಬೇಕು. ಇಡೀ ಬೀಜ ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಲೆಕ್ಕಕ್ಕೆ ಸಿಗದ ಇನ್ನೊಂದು ಮಾತನ್ನೂ ಆಕೆಯೇ ಹೇಳಿದಳು. ಕೇಕು ತಂದವರ ಮಗು ನಡುವೆ ಕೂರುತ್ತದೆ, ತರಲಾಗದ ಕೂಲಿಕಾರರ ಮಗು ಬಾಗಿಲ ಬಳಿ ಸರಿಯುತ್ತದೆ. ಆದ್ದರಿಂದ ತಾಯಂದಿರನ್ನು ಕೂಡಿಸಿ ಮಾತಾಡಿ ಒಂದು ಕ್ರಮ ಮಾಡಿಕೊಂಡೆವು. ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ದಿನ ಹಬ್ಬ. ಅಂಗಡಿಯ ಪೊಟ್ಟಣ ಬೇಡ. ಇದ್ದವರು ಶೇಂಗಾ, ಬೆಲ್ಲ ಕೊಡಲಿ, ಇಲ್ಲದವರು ಉಂಡೆ ಕಟ್ಟಲು ಕೈಗೂಡಿಸಲಿ. ಊಟ ಮುಗಿದ ಮೇಲೆಯೇ ಉಂಡೆ. ಮೊದಲಿಗೆ ಒಬ್ಬಿಬ್ಬರು ಗೊಣಗಿದರು. ಆದರೆ ಯಾರ ಮನೆಯ ಉಂಡೆ ಎಂದು ಯಾವ ಮಗುವೂ ಕೇಳಲಿಲ್ಲ.

ದೂರದ ಊರುಗಳಲ್ಲಿರುವ ನನ್ನ ಶಿಷ್ಯರೇ, ಊರ ಅಂಗನವಾಡಿಗೆ ಮಿಠಾಯಿ ಡಬ್ಬಿ ಕಳಿಸುವ ಮನಸ್ಸಾದರೆ, ಅದರ ಬದಲು ಒಂದು ಚೀಲ ಶೇಂಗಾ ಕೊಡಿಸಿರಿ. ಬೆಲ್ಲವನ್ನು ನಾವು ತೂಗಿ ಹಾಕುತ್ತೇವೆ.